ದೂರದ ಗೆಳತಿಯರು ಮಂಡ್ಯದ ಹೆಣ್ಣಾಳಿಗೆ ಆಗಿಬರುತ್ತಾರಾ?

ದೇಶದ ಗಡಿ ದಾಟಿ ಕೈಜೋಡಿಸುವ ಸ್ತ್ರೀವಾದದಿಂದ ಮಂಡ್ಯ, ಮೈಸೂರು ಕಡೆಯ ದುಡಿಯುವ ಹೆಂಗಸರಿಗೆ ಪ್ರಯೋಜನ ಇದೆಯೇ?

ಪರ

ಇದೆ. 2020ರ ಜೂನ್ ನೆನಪಿಸಿಕೊಳ್ಳಿ. ಶ್ರೀರಂಗಪಟ್ಟಣದ ಒಂದು ಗಾರ್ಮೆಂಟ್ಸ್ ಸಾವಿರಕ್ಕೂ ಜಾಸ್ತಿ ಜನರನ್ನು ಕೆಲಸದಿಂದ ತೆಗೆಯಿತು. ಬಹುಪಾಲು ಹೆಂಗಸರೇ. ಕೊರೋನಾ ಕಾಲ, ಬೇರೆ ದುಡಿಮೆಯೂ ಇಲ್ಲ. ಅವರು ವಾರಗಟ್ಟಲೆ ಗೇಟಿನ ಮುಂದೆ ಕೂತರು. ಅವರು ಹೊಲಿದ ಬಟ್ಟೆ ಹೋಗುತ್ತಿದ್ದುದು ಸ್ವೀಡನ್ನಿನ ದೊಡ್ಡ ಬ್ರ್ಯಾಂಡಿಗೆ. ಹಾಗಾಗಿ ಇಲ್ಲಿನ ಯೂನಿಯನ್ ಜೊತೆ ಹೊರದೇಶದ ಕಾರ್ಮಿಕ ಸಂಘಟನೆಗಳೂ ಆ ಬ್ರ್ಯಾಂಡನ್ನು ಪ್ರಶ್ನೆ ಮಾಡಿದವು. 2021ರ ಫೆಬ್ರವರಿಯಲ್ಲಿ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ಒಪ್ಪಂದವಾಯಿತು. ಗೇಟಿನ ಮುಂದೆ ಕೂತವರ ಛಲ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಬರೀ ಛಲದಿಂದ ಆಗುತ್ತಿತ್ತು ಅಂತ ನಾನು ನಂಬುವುದಿಲ್ಲ.

ಕೋರ್ಟಿನಲ್ಲೂ ಹೀಗೇ ಆಗಿದೆ. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ನಮ್ಮಲ್ಲಿ ಕಾನೂನೇ ಇಲ್ಲದಿದ್ದಾಗ, 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಸರೆ ಪಡೆದದ್ದು ವಿಶ್ವಸಂಸ್ಥೆಯ 1979ರ ಮಹಿಳಾ ಒಡಂಬಡಿಕೆಯಿಂದ.

ವಿರೋಧ

ಅಂಗಿಗೆ ಬ್ರ್ಯಾಂಡಿನ ಲೇಬಲ್ ಇತ್ತು, ಅದಕ್ಕೇ ಸ್ವೀಡನ್‌ಗೆ ಕೇಳಿಸಿತು. ಕಬ್ಬಿಗೆ ಯಾವ ಲೇಬಲ್ ಇದೆ? ಬಳ್ಳಾರಿ ಕಡೆಯಿಂದ ಬಂದು ಗದ್ದೆ ಬದಿ ಗುಡಿಸಲು ಹಾಕಿಕೊಂಡು ಕಬ್ಬು ಕಡಿಯುವ ಹೆಂಗಸಿನ ಕೂಗು ಎಲ್ಲಿಗೆ ಮುಟ್ಟುತ್ತದೆ? ಗಂಡಾಳಿಗಿಂತ ಹೆಣ್ಣಾಳಿಗೆ ಕೂಲಿ ಕಮ್ಮಿ. ಅವಳು ದಲಿತ ಕೇರಿಯವಳಾದರೆ ಕುಡಿಯುವ ನೀರು ಕೊಡುವ ರೀತಿಯೇ ಬೇರೆ. ಹೆಣ್ಣು, ಬಡವಿ, ದಲಿತೆ ಅಂತ ಈ ನೋವನ್ನು ಬಿಡಿಸಿ ನೋಡಲು ಆಗುವುದಿಲ್ಲ. ಅಮೆರಿಕದ ಕಪ್ಪು ಹೆಂಗಸರ ವಿಷಯದಲ್ಲಿ ಅಲ್ಲಿನ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಹೇಳಿದ್ದೂ ಇದನ್ನೇ. ಅವರು ನೋಡಿದ್ದು ಬಣ್ಣವನ್ನು. ಇಲ್ಲಿರುವುದು ಜಾತಿ. ಮೂರನೇ ಜಗತ್ತಿನ ಹೆಂಗಸರನ್ನೆಲ್ಲ ಒಂದೇ ಥರದ ಅಸಹಾಯಕರು ಅಂತ ಪಶ್ಚಿಮದ ವಿದ್ವಾಂಸರು ಬರೆಯುತ್ತಿದ್ದುದನ್ನು ಸ್ತ್ರೀವಾದಿ ಚಿಂತಕಿ ಚಂದ್ರಾ ತಲ್ಪಾಡೆ ಮೊಹಾಂತಿ 1980ರ ದಶಕದಲ್ಲೇ ಟೀಕಿಸಿದ್ದರು. ಅವರು ದೇಶದಾಚೆಯ ಒಗ್ಗಟ್ಟನ್ನು ಬಯಸುವವರೇ, ಆದ್ದರಿಂದಲೇ ಆ ಮಾತಿಗೆ ತೂಕ ಹೆಚ್ಚು.

ಇನ್ನು ಮನೆಯೊಳಗಿನ ಮಾತು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಮಾಡಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಇಷ್ಟಾದರೂ ಅದು ನಮಗೆ ನಾಲ್ಕು ದಿನದ ಸುದ್ದಿ ಅಷ್ಟೇ ಆಯಿತಲ್ಲ ಅಂತ ಸಂಕಟವಾಗುತ್ತದೆ. ಗಂಡೇ ಬೇಕು ಅನ್ನುವುದರ ಹಿಂದೆ ಜಮೀನಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಆದರೂ ಎಷ್ಟೋ ಅಕ್ಕತಂಗಿಯರು ಇವತ್ತಿಗೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಬಿಡುತ್ತಾರೆ. ಪಾಲು ಕೇಳಿದರೆ ತವರು ತಪ್ಪಿಹೋಗುತ್ತದೆ ಅನ್ನುವ ಭಯ. ಅಲ್ಲಿ ಎದುರಿಗಿರುವುದು ಕಂಪನಿಯಲ್ಲ, ಒಡಹುಟ್ಟಿದ ಅಣ್ಣ. ಅವನಿಗೆ ಸ್ವೀಡನ್ನಿಂದ ಯಾರು ಪತ್ರ ಬರೆಯುತ್ತಾರೆ? ಊರಿನ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ, ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ, ಅಲ್ಲಿ ಕೂತ ಹೆಂಗಸರೇ ಈ ಮಾತು ಎತ್ತಬೇಕು.