ಪುಸ್ತಕದ ಅಂಗಡಿ ಇ-ರೀಡರ್ ಮಾರಬೇಕಾ?

ಪರ: ಮುಟ್ಟಿ ನೋಡಿ ಕೊಳ್ಳಲು ಒಂದು ಜಾಗ ಬೇಕು
(ಕೊಪ್ಪಳದ ಕಾಲೇಜು ಗ್ರಂಥಪಾಲಕಿ)

ಪರವಾಗಿ ಬರೆಯಿರಿ ಅಂದಾಗ ಎರಡು ದಿನ ಯೋಚಿಸಿದೆ. ನಾನು ದಿನವಿಡೀ ಕಾಗದದ ಪುಸ್ತಕಗಳ ನಡುವೆಯೇ ಇರುವವಳು. ಇ-ಪುಸ್ತಕದ ಮೇಲೆ ಅಂಥ ಮೋಹವೇನೂ ಇಲ್ಲ. ಆದರೂ ಅದನ್ನು ಓದುವ ಯಂತ್ರವನ್ನು, ಅಂದರೆ ಇ-ರೀಡರ್ ಅನ್ನು, ಪುಸ್ತಕದ ಅಂಗಡಿಗಳು ಮಾರಬೇಕು ಅಂತಲೇ ಅನಿಸುತ್ತದೆ. ಕಾರಣ ನಮ್ಮ ಮಾವ.

ಮಾವನವರಿಗೆ ಈಗ ಎಪ್ಪತ್ತಾರು ವರ್ಷ. ಗ್ಲಾಕೋಮಾದಿಂದ ದೃಷ್ಟಿ ಕಡಿಮೆಯಾಗಿದೆ. ದಿನಾ ಬೆಳಿಗ್ಗೆ ಪೇಪರ್ ಹಿಡಿದು ಕಿಟಕಿ ಹತ್ತಿರ ಕೂರುತ್ತಿದ್ದರು. ಹೆಡ್ಡಿಂಗ್ ಅಷ್ಟು ಓದಿ ಮಡಚಿ ಇಡುತ್ತಿದ್ದರು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಮತ್ತೆ ತೆಗೆದು ಅದೇ ಹೆಡ್ಡಿಂಗ್ ಓದುತ್ತಾರೆ ಅಂತ ಅತ್ತೆ ಒಂದು ದಿನ ಹೇಳಿದರು. ನನಗೆ ತಡೆಯಲಾಗಲಿಲ್ಲ. ಅದೇ ರಾತ್ರಿ ಆನ್‌ಲೈನ್‌ನಲ್ಲಿ ಒಂದು ಇ-ರೀಡರ್ ತರಿಸಲು ಹಾಕಿದೆ.

ಪೆಟ್ಟಿಗೆ ಬಂತು. ಜೊತೆಗೆ ಒಂದು ಇಂಗ್ಲಿಷ್ ಚೀಟಿ, ಅಷ್ಟೇ. ಕನ್ನಡದ ಒಂದು ಕಾದಂಬರಿಯ ಫೈಲ್ ಹಾಕಿ ತೆರೆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. 'ಅಮ್ಮ' ಅನ್ನುವಲ್ಲಿ ಮಕಾರದ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತಿತ್ತು. ಸಹಾಯವಾಣಿಗೆ ಫೋನ್ ಮಾಡಿದರೆ ಆ ಕಡೆ ಕನ್ನಡ ಬರುವವರೇ ಇರಲಿಲ್ಲ. ಬೇರೆ ಫಾಂಟ್ ಹುಡುಕಿ, ಹಾಕಿ, ತೆಗೆದು, ಮತ್ತೆ ಹಾಕಿ ಮೂರು ಸಂಜೆ ಕಳೆದೆ. ನಾಲ್ಕನೇ ದಿನ ಅಕ್ಷರ ಸರಿಯಾಗಿ ಕೂತಿತು. ಎಷ್ಟು ದೊಡ್ಡದಾಗುತ್ತೋ ಅಷ್ಟು ದೊಡ್ಡದು ಮಾಡಿದೆ. ಪುಟಕ್ಕೆ ಏಳೇ ಸಾಲು. ಮಾವ ಆ ಏಳು ಸಾಲು ನಿಧಾನವಾಗಿ ಓದಿದರು. ಬೆರಳು ತಾಗಿಸಿದರು. ಮುಂದಿನ ಪುಟ ಬಂತು. "ಬಂತು ನೋಡವಾ" ಅಂದರು. ಆ ದಿನ ಅವರು ಊಟಕ್ಕೆ ತಡವಾಗಿ ಬಂದರು.

ಆ ಮೂರು ಸಂಜೆ ನಾನು ಒಬ್ಬಳೇ ಪಟ್ಟ ಪಾಡು ಎಲ್ಲರಿಂದ ಆಗುತ್ತಾ? ನಮ್ಮೂರಲ್ಲೇ ಒಂದು ಪುಸ್ತಕದ ಅಂಗಡಿಯಲ್ಲಿ ಇದು ಇದ್ದಿದ್ದರೆ ಮಾವನನ್ನೇ ಕರೆದುಕೊಂಡು ಹೋಗುತ್ತಿದ್ದೆ. ಕೈಗೆ ಕೊಟ್ಟು, ಅಕ್ಷರ ಕಾಣುತ್ತಾ ಅಂತ ಕೇಳಿ, ಆಮೇಲೆ ಕೊಳ್ಳುತ್ತಿದ್ದೆ. ಇ-ರೀಡರ್ ಅಂದರೆ ಫೋನ್ ಇದ್ದ ಹಾಗೆ ಅಂತಲೇ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಅದರ ಪರದೆ ಕಣ್ಣಿಗೆ ಬೆಳಕು ಚುಚ್ಚುವುದಿಲ್ಲ, ಕಾಗದದ ಹಾಗೆ ಹೊರಗಿನ ಬೆಳಕಲ್ಲೇ ಕಾಣುತ್ತದೆ. ಫೋನ್ ಕಪ್ಪಾಗುವ ನಮ್ಮ ಏಪ್ರಿಲ್ ಬಿಸಿಲಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಮುಟ್ಟಿ ನೋಡಬೇಕು. ಮುಟ್ಟಿ ನೋಡಲು ಅಂಗಡಿ ಬೇಕು.

ಮಾಡಿ ತೋರಿಸಿದವರೂ ಇದ್ದಾರೆ. ಜರ್ಮನಿಯಲ್ಲಿ 2013ರಲ್ಲಿ ಥಾಲಿಯಾ, ಹುಗೆನ್‌ಡುಬೆಲ್, ವೆಲ್ಟ್‌ಬಿಲ್ಡ್ ಎಂಬ ಪುಸ್ತಕ ಮಾರುವ ದೊಡ್ಡ ಕಂಪನಿಗಳು ಪೈಪೋಟಿ ಬದಿಗಿಟ್ಟು ಡಾಯ್ಚ ಟೆಲಿಕಾಂ ಎಂಬ ಫೋನ್ ಕಂಪನಿ ಜೊತೆ ಸೇರಿ ಟೊಲಿನೊ ಅಂತ ಒಂದು ಇ-ರೀಡರ್ ತಂದವು. ನಾಲ್ಕು ವರ್ಷದ ನಂತರ ಟೆಲಿಕಾಂ ಹೊರಗೆ ಹೋಯಿತು, ಇ-ರೀಡರ್ ಮಾಡುವ ಕೋಬೋ ಕಂಪನಿ ಆ ಜಾಗಕ್ಕೆ ಬಂತು. ಟೊಲಿನೊ ಮಾತ್ರ ನಿಲ್ಲಲಿಲ್ಲ. ಕನ್ನಡದಲ್ಲಿ ಹೀಗೆ ಅಂಗಡಿಯವರು ಒಟ್ಟಾಗಿದ್ದು ನಾನು ಕಂಡಿಲ್ಲ. ನನ್ನ ವಾದಕ್ಕೆ ಅಲ್ಲಿ ಬಲ ಕಡಿಮೆ, ಒಪ್ಪುತ್ತೇನೆ.

ಬೇಡ ಅನ್ನುವವರು ಹೊಸ ಕಾಗದದ ವಾಸನೆ, ಹಾಳೆ ತಿರುಗಿಸುವ ಖುಷಿ ಅನ್ನುತ್ತಾರೆ. ಮಾವನಿಗೆ ವಾಸನೆ ಸಿಗುತ್ತಿತ್ತು, ಅಕ್ಷರ ಸಿಗುತ್ತಿರಲಿಲ್ಲ. ಲಾಭ-ನಷ್ಟದ ಲೆಕ್ಕ ಅಂಗಡಿಯವರು ಹಾಕಿಕೊಳ್ಳಲಿ. ಓದುವವರ ಕಡೆಯಿಂದ ನನಗೆ ಗೊತ್ತಿರುವುದು ಇಷ್ಟು.

ವಿರೋಧ: ಗಿರಾಕಿಯನ್ನು ನಾವೇ ಕಳಿಸಿಕೊಟ್ಟೆವು
(ಬಳ್ಳಾರಿಯ ಪುಸ್ತಕ ವ್ಯಾಪಾರಿ)

ನಾನು ಇ-ರೀಡರ್ ಮಾರಿದವನು. ಅದಕ್ಕೇ ಬೇಡ ಅನ್ನುತ್ತೇನೆ.

2013ರ ಮಾತು. ಆಗ ಬೆಂಗಳೂರಿನ ಒಂದು ಮಾಲ್‌ನಲ್ಲಿ, ಹಲವು ಊರುಗಳಲ್ಲಿ ಶಾಖೆ ಇದ್ದ ಪುಸ್ತಕ ಮಳಿಗೆಯಲ್ಲಿ ಕೆಲಸಕ್ಕಿದ್ದೆ. ಬಾಗಿಲ ಎದುರಿಗೇ ಹೊಸ ಪುಸ್ತಕಗಳ ಟೇಬಲ್ ಇತ್ತು. ಒಂದು ಸೋಮವಾರ ಅದನ್ನು ಎತ್ತಿಸಿದರು. ಆ ಜಾಗಕ್ಕೆ ಬಿಳಿ ಕೌಂಟರ್ ಬಂತು. ಅದರ ಮೇಲೆ ನಾಲ್ಕು ಇ-ರೀಡರ್, ಯಾರೂ ಎತ್ತಿಕೊಂಡು ಹೋಗದ ಹಾಗೆ ವೈರು ಕಟ್ಟಿ. ಆ ಟೇಬಲ್ ಮೇಲಿದ್ದ ಪುಸ್ತಕಗಳನ್ನು ಒಳಗೆ ತಳ್ಳಿದರು. ಒಳಗಿದ್ದ ಕನ್ನಡ ಶೆಲ್ಫ್ ಸ್ಟೇಷನರಿ ಹಿಂದಕ್ಕೆ ಹೋಯಿತು.

ಜನ ಬರುತ್ತಿದ್ದರು, ಇಲ್ಲ ಅನ್ನಲ್ಲ. ಮುಟ್ಟುತ್ತಿದ್ದರು. "ಬಣ್ಣ ಬರಲ್ವಾ?" ಅಂತ ಕೇಳುತ್ತಿದ್ದರು. ನಾನು ಹತ್ತು ಹತ್ತು ನಿಮಿಷ ನಿಂತು ಎಲ್ಲ ಹೇಳಿಕೊಡುತ್ತಿದ್ದೆ. ಆಮೇಲೆ ನನ್ನೆದುರೇ ಫೋನ್ ತೆಗೆದು ಆನ್‌ಲೈನ್‌ನಲ್ಲಿ ರೇಟು ನೋಡಿ, "ಥ್ಯಾಂಕ್ಸ್" ಅಂತ ಹೋಗುತ್ತಿದ್ದರು. ತಿಂಗಳಿಗೆ ಎರಡೋ ಮೂರೋ ಮಾರಿದರೆ ಜಾಸ್ತಿ. ಮುಟ್ಟಿ ನೋಡಲು ಜಾಗ ಬೇಕು ಅನ್ನುವವರಿಗೆ ನಾನು ಕೇಳುವುದು ಒಂದೇ. ಆ ಜಾಗದ ಬಾಡಿಗೆ ಯಾರು ಕಟ್ಟುವುದು?

ಕೊಂಡವರ ಕಥೆ ಇನ್ನೂ ಬೇರೆ. ಶನಿವಾರ ಶನಿವಾರ ಬರುವ ಒಬ್ಬರು ಸರ್ ಇದ್ದರು. ರಿಟೈರ್ಡ್ ಇಂಜಿನಿಯರ್. ಪ್ರತಿ ಸಲ ಮೂರು ನಾಲ್ಕು ಪುಸ್ತಕ ಒಯ್ಯುತ್ತಿದ್ದರು. ಅವರಿಗೆ ನಾನೇ ಹೇಳಿ ಹೇಳಿ ಒಂದು ಇ-ರೀಡರ್ ಕೊಡಿಸಿದೆ. ಮುಂದಿನ ಶನಿವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಒಂದು ವರ್ಷದ ಮೇಲೆ ಮೆಜೆಸ್ಟಿಕ್‌ನಲ್ಲಿ ಸಿಕ್ಕರು. ಯಾಕೆ ಸರ್ ಬರ್ತಿಲ್ಲ ಅಂದೆ. "ಬೇಕಾದ್ದೆಲ್ಲ ಇದರಲ್ಲೇ ಸಿಗುತ್ತಲ್ಲಪ್ಪಾ, ನೀನೇ ಕೊಡಿಸಿದ್ದಲ್ವಾ?" ಅಂದರು. ಪ್ರೀತಿಯಿಂದಲೇ ಅಂದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಗಿರಾಕಿಯನ್ನು ಕೈ ಹಿಡಿದು ಬೇರೆಯವರ ಅಂಗಡಿಗೆ ಬಿಟ್ಟು ಬಂದಿದ್ದೆ. ಇ-ರೀಡರ್ ಒಂದೇ ಸಲ ಮಾರುವ ವಸ್ತು. ಆಮೇಲಿನ ಪುಸ್ತಕಗಳ ವ್ಯಾಪಾರವೆಲ್ಲ ಅದನ್ನು ಮಾಡಿದವನದ್ದು. 2015ರಲ್ಲಿ ನಮ್ಮ ಶಾಖೆಯ ಬಾಗಿಲು ಹಾಕಿದರು.

ಇದು ನಮ್ಮೊಬ್ಬರ ಕಥೆ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದರೆ ದೊಡ್ಡ ದೊಡ್ಡವರೂ ಇದೇ ಗುಂಡಿಗೆ ಬಿದ್ದಿದ್ದರು. ಅಮೆರಿಕದ ದೊಡ್ಡ ಪುಸ್ತಕ ಮಳಿಗೆ ಬಾರ್ಡರ್ಸ್ 2001ರಲ್ಲೇ ತನ್ನ ಆನ್‌ಲೈನ್ ಮಾರಾಟವನ್ನು ಅಮೆಜಾನ್ ಕೈಗೆ ಕೊಟ್ಟಿತು. ಅದನ್ನು ವಾಪಸು ತೆಗೆದುಕೊಳ್ಳುವಷ್ಟರಲ್ಲಿ 2008 ಬಂದಿತ್ತು. 2011ರಲ್ಲಿ ಅದು ಪೂರ್ತಿ ಮುಚ್ಚಿತು. ಅಲ್ಲಿನದೇ ಇನ್ನೊಂದು ಪುಸ್ತಕ ಮಳಿಗೆ ಬಾರ್ನ್ಸ್ ಆಂಡ್ ನೋಬಲ್ 2009ರಲ್ಲಿ ನೂಕ್ ಅಂತ ಸ್ವಂತ ಇ-ರೀಡರ್ ತಂತು. 2012ರಲ್ಲಿ ಮೈಕ್ರೋಸಾಫ್ಟ್ ಅದಕ್ಕೆ 30 ಕೋಟಿ ಡಾಲರ್ ಹಾಕಲು ಒಪ್ಪಿತು. 2014ರ ಕೊನೆಗೆ ತನ್ನ ಪಾಲನ್ನು ಸುಮಾರು ಹನ್ನೆರಡೂವರೆ ಕೋಟಿ ಡಾಲರಿಗೆ ಬಿಟ್ಟುಕೊಟ್ಟು ಹೊರಗೆ ಬಂತು. ಅಷ್ಟು ದುಡ್ಡಿದ್ದವರ ಕೈಲೇ ಆಗಲಿಲ್ಲ.

ನನಗೆ ಧೈರ್ಯ ಕೊಟ್ಟಿದ್ದು ಇಂಗ್ಲೆಂಡಿನ ಪುಸ್ತಕ ಮಳಿಗೆ ವಾಟರ್‌ಸ್ಟೋನ್ಸ್. ಅದರ ಮುಖ್ಯಸ್ಥ ಜೇಮ್ಸ್ ಡಾಂಟ್ 2012ರಲ್ಲಿ ತಮ್ಮ ಮಳಿಗೆಗಳಲ್ಲಿ ಅಮೆಜಾನ್‌ನ ಇ-ರೀಡರ್ ಕಿಂಡಲ್ ಮಾರಲು ಒಪ್ಪಿದರು. ಮೂರು ವರ್ಷ ನೋಡಿದರು. ಹೋಗಲಿಲ್ಲ. 2015ರಲ್ಲಿ ಅವನ್ನು ತೆಗೆಸಿ ಆ ಜಾಗದಲ್ಲಿ ಕಾಗದದ ಪುಸ್ತಕ ಇಡಿಸಿದರು. ಯಾವ ಊರಿನ ಅಂಗಡಿಯಲ್ಲಿ ಯಾವ ಪುಸ್ತಕ ಮುಂದಿರಬೇಕು ಅನ್ನುವುದನ್ನು ಆಯಾ ಊರಿನ ಮ್ಯಾನೇಜರ್‌ಗೇ ಬಿಟ್ಟರು. 2019ರಲ್ಲಿ ಬಾರ್ನ್ಸ್ ಆಂಡ್ ನೋಬಲ್ ಕೂಡ ಅವರ ಕೈಗೇ ಬಂತು. ಅಲ್ಲೂ ಅದನ್ನೇ ಮಾಡಿದರು. ನೂಕ್ ಇನ್ನೂ ಇದೆ. ಆದರೆ ಈಗ ಹೊಸ ಹೊಸ ಅಂಗಡಿ ತೆರೆಯುತ್ತಿರುವುದು ಕಾಗದದ ಪುಸ್ತಕಕ್ಕಾಗಿ.

ನಮ್ಮಲ್ಲಿ? ಫ್ಲಿಪ್‌ಕಾರ್ಟ್ 2012ರಲ್ಲಿ ಇ-ಪುಸ್ತಕ ಶುರು ಮಾಡಿ 2015ರಲ್ಲಿ ನಿಲ್ಲಿಸಿತು. ಕಾಗದದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕೆ ಇದೆ. ಇನ್ನು ಕನ್ನಡದ ಗತಿ ಕೇಳಿ. 2016ರ ಡಿಸೆಂಬರ್‌ನಲ್ಲಿ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳ ಪುಸ್ತಕ ತಂದರು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ. ನಮ್ಮ ಭಾಷೆಗೆ ಅಂದು ಬಾಗಿಲು ತೆರೆಯದ ಡಬ್ಬಿಯನ್ನು ನಮ್ಮ ಅಂಗಡಿಯ ಬಾಗಿಲಲ್ಲಿ ಇಟ್ಟು ನಾವು ಮಾರಬೇಕಾ? ಕನ್ನಡದ ಇ-ಪುಸ್ತಕ ಬೇಕಾದವರಿಗೆ ಮೈಲ್ಯಾಂಗ್ ಥರದ ಆ್ಯಪ್‌ಗಳಿವೆ, ಫೋನಿನಲ್ಲೇ ಸಿಗುತ್ತವೆ. ಅದಕ್ಕೆ ಅಂಗಡಿ ಯಾಕೆ? ಕಣ್ಣು ಮಂಜಾದ ಹಿರಿಯರು ಬಂದರೆ ನಾನು ದೊಡ್ಡಕ್ಷರದ ಪುಸ್ತಕ ಹುಡುಕಿ ಕೊಡುತ್ತೇನೆ.

ಅದೇ ಡಿಸೆಂಬರ್ 2ರಿಂದ 4ರವರೆಗೆ ರಾಯಚೂರಿನಲ್ಲಿ 82ನೇ ಸಾಹಿತ್ಯ ಸಮ್ಮೇಳನ ನಡೆಯಿತು. ನೋಟು ರದ್ದಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಬಳ್ಳಾರಿಗೆ ವಾಪಸು ಬಂದು ಆಗಷ್ಟೇ ಅಂಗಡಿ ಇಟ್ಟಿದ್ದೆ. ಸಾಲ ಮಾಡಿ ಪುಸ್ತಕ ತುಂಬಿಕೊಂಡು ಹೋಗಿ ಮಳಿಗೆ ಹಾಕಿದ್ದೆ. ಜನ ಬರುತ್ತಾರೆ, ಕೈಯಲ್ಲಿ ಎರಡು ಸಾವಿರದ ನೋಟು. ನೂರಿಪ್ಪತ್ತು ರೂಪಾಯಿಯ ಪುಸ್ತಕಕ್ಕೆ ಚಿಲ್ಲರೆ ಎಲ್ಲಿಂದ ತರಲಿ? ಸಿಂಧನೂರಿನ ಒಬ್ಬ ಟೀಚರ್ ಆರು ಪುಸ್ತಕ ಆರಿಸಿ, ಬೆನ್ನು ಸವರಿ ವಾಪಸು ಇಟ್ಟರು. ಒಯ್ಯಿರಿ ಮೇಡಂ ಅಂದೆ. ಅವರು ನನ್ನ ನೋಟ್‌ಬುಕ್‌ನಲ್ಲಿ ಹೆಸರು, ಊರು, ಫೋನ್ ನಂಬರ್ ಬರೆದರು. ಅವರನ್ನು ನೋಡಿ ಹಿಂದೆ ನಿಂತವರೂ ಬರೆದರು. ಮೂರು ದಿನದಲ್ಲಿ ಹದಿನೇಳು ಪುಟ ಉದ್ರಿ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಒಬ್ಬರ ಹಿಂದೆ ಒಬ್ಬರು ದುಡ್ಡು ಕಳಿಸಿದರು. ನಾಲ್ಕು ಜನ ಬಿಟ್ಟು ಎಲ್ಲರದ್ದೂ ಬಂತು. ಆ ಟೀಚರ್ ಇವತ್ತಿಗೂ ಫೋನ್ ಮಾಡಿ ಪುಸ್ತಕ ತರಿಸುತ್ತಾರೆ.

ಆ ನೋಟ್‌ಬುಕ್ ಈಗಲೂ ಗಲ್ಲಾದ ಪಕ್ಕದಲ್ಲಿದೆ. ಮುಂದಿನ ಕಡೆಯಿಂದ ಉದ್ರಿ, ಹಿಂದಿನ ಕಡೆಯಿಂದ ಯಾರಿಗೆ ಯಾವ ಪುಸ್ತಕ ಬೇಕು ಅನ್ನುವ ಪಟ್ಟಿ. ನಿನ್ನೆ ಕುರುಗೋಡಿನಿಂದ ಒಬ್ಬ ಹುಡುಗ ಬಂದಿದ್ದ. ಮೆಣಸಿನಕಾಯಿ ಬೆಳೆಯ ರೋಗಗಳ ಬಗ್ಗೆ ಪುಸ್ತಕ ಬೇಕು, ಅಪ್ಪ ಓದ್ತಾರೆ ಅಂದ. ನನ್ನ ಹತ್ತಿರ ಇರಲಿಲ್ಲ. ಬರೆದುಕೊಂಡಿದ್ದೇನೆ. ಸೋಮವಾರದ ಪಾರ್ಸೆಲ್‌ನಲ್ಲಿ ಬರುತ್ತದೆ.