ಮೊದಲು ಲೆಕ್ಕ ಕೇಳಿ

ಹಳೇ ಕಂಪನಿ ‘ಜಾಸ್ತಿ ಸಂಬಳ ಹೋಗಿದೆ, ವಾಪಸ್ ಕೊಡಿ’ ಅಂದರೆ ಕೊಟ್ಟು ಕೈ ತೊಳೆದುಕೊಳ್ಳಿ ಅಂತ ಬರೆದಿದ್ದೀರಿ. ಅಷ್ಟು ಸುಲಭವಾ? ನನ್ನ ತಂಗಿಗೂ ಇಂಥದ್ದೇ ಮೇಲ್ ಬಂದಿತ್ತು. ಯಾವ ತಿಂಗಳದ್ದು, ಎಷ್ಟು ದಿನದ್ದು, ಒಂದೂ ಇಲ್ಲ. ಸುಮ್ನೆ ಒಂದು ಮೊತ್ತ, ಕೆಳಗೆ ಅಕೌಂಟ್ ನಂಬರ್. ಪೇ ಸ್ಲಿಪ್, ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ನೋಡಿದರೆ, ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ), ಪಿಎಫ್ (ಭವಿಷ್ಯ ನಿಧಿ) ಹಿಡಿಯುವ ಮುಂಚಿನ ಮೊತ್ತ ಕೇಳಿದ್ದರು! ಕೈಗೇ ಬರದ ದುಡ್ಡನ್ನು ಕೊಡೋದು ಹೇಗೆ? ಮೇಲ್‌ನಲ್ಲೇ ವಿವರ ಕೇಳಿದ ಮೇಲೆ ಮೊತ್ತ ಇಳಿಯಿತು. ಉಳಿದದ್ದನ್ನು ಕಂತಿನಲ್ಲಿ ಕಟ್ಟಿ, ಬಾಕಿ ಇಲ್ಲ ಅಂತ ಪತ್ರ ತಗೊಂಡಳು.

ಸರ್ಕಾರಿ ನೌಕರರ ಕಥೆ ಬೇರೆ. ತಮ್ಮ ತಪ್ಪಿಲ್ಲದೆ ಜಾಸ್ತಿ ಪಡೆದ ಸಿ, ಡಿ ಗುಂಪಿನವರಿಂದ (ಕೆಳಹಂತದ ನೌಕರರಿಂದ), ನಿವೃತ್ತರಿಂದ ವಸೂಲಿ ಸಲ್ಲದು ಅಂತ 2014ರ ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಖಾಸಗಿ ಕಂಪನಿಯವರಿಗೆ ಅದನ್ನೇ ತೋರಿಸಲು ಹೋಗಬೇಡಿ.