ಮೊದಲು ಸ್ಲೈಡ್ ನೋಡಿ, ಮದ್ದು ಆಮೇಲೆ

ನಮ್ಮ ಕೊಡಗಿನಲ್ಲಿ ನಾಯಿಗೆ ಕಜ್ಜಿ ಹತ್ತಿದರೆ ಮದ್ದು ಹೇಳುವವರಿಗೇನೂ ಬರವಿಲ್ಲ. ಬೇವಿನೆಣ್ಣೆ ಹಚ್ಚಿ ಅಂತ ಒಬ್ಬರು, ಗಂಧಕ ಕಲಸಿ ಹಚ್ಚಿ ಅಂತ ಇನ್ನೊಬ್ಬರು. ಜೀಪಿನಿಂದ ಇಳಿಸಿದ ಹಳೇ ಆಯಿಲ್ ಬಳಿದರೆ ಸಾಕು ಅನ್ನುವವರು ಲೈನ್ ಮನೆಯಲ್ಲೂ ಇದ್ದಾರೆ, ತೋಟದ ಬಂಗಲೆಯಲ್ಲೂ ಇದ್ದಾರೆ. ನಾಯಿ ಅದನ್ನು ನೆಕ್ಕದೆ ಬಿಡುತ್ತದಾ? ಹೊಟ್ಟೆಗೆ ಹೋದರೆ ವಿಷ. ಯಾವುದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನ ಟ್ಯೂಬ್ ಇದ್ದೇ ಇದೆ, ಸ್ಟೀರಾಯ್ಡ್, ಆಂಟಿಬಯೋಟಿಕ್, ಫಂಗಸ್ ಮದ್ದು ಮೂರನ್ನೂ ಒಟ್ಟಿಗೆ ತುಂಬಿದ್ದು.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿ ಡಾಕ್ಟರ್ ಬರೆದುಕೊಡದೆ ಆಂಟಿಬಯೋಟಿಕ್ ಸಿಗುವುದಿಲ್ಲ. ತುರಿಕೆ ಅಂತ ಕರೆದುಕೊಂಡು ಹೋದರೆ ಮೊದಲು ಬ್ಲೇಡಿನಿಂದ ಚರ್ಮವನ್ನು ಸ್ವಲ್ಪ ರಕ್ತ ಜಿನುಗುವಷ್ಟು ಕೆರೆದು, ಎಣ್ಣೆ ಹನಿ ಹಾಕಿದ ಸ್ಲೈಡಿಗೆ ಸವರಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಡೆಮೊಡೆಕ್ಸ್ ಹುಳ ಕೂದಲ ಬುಡದೊಳಗೆ ಇರುತ್ತದೆ, ಅದಕ್ಕೇ ಅಷ್ಟು ಆಳಕ್ಕೆ ಕೆರೆಯುವುದು. ಸಾರ್ಕಾಪ್ಟಿಸ್ ಬೇರೆ ಹುಳ, ಅದು ಮನೆಯವರ ಕೈಗೂ ತುರಿ ಹತ್ತಿಸುತ್ತದೆ. ಹುಳಕಡ್ಡಿ ಹುಳವೇ ಅಲ್ಲ, ಫಂಗಸ್, ಅದೂ ಮನುಷ್ಯರಿಗೆ ಅಂಟುತ್ತದೆ. ಬರಿಗಣ್ಣಿಗೆ ಮೂರೂ ಹೆಚ್ಚುಕಮ್ಮಿ ಒಂದೇ ಥರ, ಕೂದಲುದುರಿ ಕೆಂಪಾದ ಚರ್ಮ. ಸ್ಟೀರಾಯ್ಡ್ ಹಚ್ಚಿದ ಕೂಡಲೇ ಕೆರೆತ ನಿಲ್ಲುತ್ತದೆ, ಮನೆಯವರಿಗೆ ಖುಷಿ, ಆದರೆ ಡೆಮೊಡೆಕ್ಸೋ ಫಂಗಸ್ಸೋ ಆಗಿದ್ದರೆ ಅದು ಒಳಗೊಳಗೇ ಜಾಸ್ತಿಯಾಗುತ್ತಾ ಹೋಗುತ್ತದೆ.

ಗಂಟಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಸುಂಟಿಕೊಪ್ಪದಲ್ಲಿ ಅಣ್ಣ ಸಾಕಿರುವ ಲ್ಯಾಬ್ರಡಾರ್‌ಗೆ ಕಂಕುಳ ಹತ್ತಿರ ಹಲಸಿನ ಬೀಜದಷ್ಟು ಗಂಟು. ಬಂದವರೆಲ್ಲ ಹೆಬ್ಬೆರಳಲ್ಲಿ ಒತ್ತಿ ನೋಡಿ "ಕೊಬ್ಬು, ಬಿಡಿ" ಅಂದರಂತೆ. ವಯಸ್ಸಾದ ಲ್ಯಾಬ್ರಡಾರ್‌ಗೆ ಕೊಬ್ಬಿನ ಗಂಟು ಮಾಮೂಲಿ, ನಿಜ. ಆದರೆ ಮಾಸ್ಟ್ ಸೆಲ್ ಅನ್ನುವ ಕ್ಯಾನ್ಸರ್ ಗಡ್ಡೆಯೂ ಕೈಗೆ ಹಾಗೇ ಮೆತ್ತಗೆ ಸಿಗಬಹುದು, ಮತ್ತು ಅದು ಅಂತ ಮೊದಲೇ ಗೊತ್ತಿದ್ದರೆ ಆಪರೇಷನ್ನಿನಲ್ಲಿ ಸುತ್ತಲಿನ ಚರ್ಮವನ್ನೂ ಅಗಲವಾಗಿ ತೆಗೆಯಬೇಕು. ಫೋನಿನಲ್ಲಿ ಜಗಳ ಆಡಿ ಸೂಜಿ ಹಾಕಿಸಿದೆ, ಅಂದರೆ ಗಂಟಿಗೆ ಸೂಜಿ ಚುಚ್ಚಿ ಒಳಗಿನದನ್ನು ಸ್ವಲ್ಪ ಎಳೆದು, ಸ್ಲೈಡಿಗೆ ಸವರಿ ನೋಡುವುದು. ಬಂದದ್ದು ಕೊಬ್ಬೇ. "ನಾನು ಹೇಳಲಿಲ್ವಾ?" ಅಂತ ಅಣ್ಣ ಈಗಲೂ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ, ಈಗ ಗೊತ್ತಾಯಿತಲ್ಲ.

ಹಾಗಂತ ಇಲ್ಲಿಯದೆಲ್ಲ ಚಿನ್ನ ಅಲ್ಲ. ಇನ್ಶೂರೆನ್ಸ್ ಇಲ್ಲದಿದ್ದರೆ ಬಿಲ್ ನೋಡಿ ತಲೆ ತಿರುಗುತ್ತದೆ. ಸುಮ್ನೆ ಬರೆದುಕೊಡುವ ಟೆಸ್ಟ್‌ಗಳೂ ಇವೆ. ಆಷಾಢದ ಮಳೆಯಲ್ಲಿ ಜಿಗಣೆ ಕಚ್ಚಿದ ಜಾಗ ಗಾಯವಾಗಿ ಹುಳ ಬಿದ್ದರೆ ನಮ್ಮೂರಿನ ದನದ ಡಾಕ್ಟರು ವಾಸನೆಯಲ್ಲೇ ಗುರುತು ಹಿಡಿದು, ಚಿಮಟದಿಂದ ಒಂದೊಂದನ್ನೇ ಹೆಕ್ಕುವ ಕೈಚಳಕ ನಾನು ಇಲ್ಲಿ ಕಂಡಿಲ್ಲ. ನಾಯಿಯಿಂದ ನಾಯಿಗೆ ಕೂಡುವಾಗ ಹರಡುವ ಟಿವಿಟಿ ಗಡ್ಡೆಯೂ ಹಾಗೇ. ಇಲ್ಲಿ ಅಪರೂಪ, ನಮ್ಮ ಬೀದಿ ನಾಯಿಗಳಲ್ಲಿ ಮಾಮೂಲಿ. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟು ಬಹುಪಾಲು ನಾಯಿಗಳನ್ನು ಗುಣ ಮಾಡುತ್ತಾರೆ.

ಅಂದರೆ ಕೈಗುಣಕ್ಕೆ ಕಮ್ಮಿ ಇಲ್ಲ, ನಾವು ಕೇಳುವುದಿಲ್ಲ ಅಷ್ಟೇ. "ಸಾರ್, ಒಂದು ಸೂಜಿ ಹಾಕಿ ನೋಡ್ತೀರಾ?" ಅಂತ ಕೇಳಿ. ಬೇಕಾಗುವುದು ಮಾಮೂಲಿ ಸಿರಿಂಜ್, ಒಂದೆರಡು ಸ್ಲೈಡ್. ಸಾಧಾರಣವಾಗಿ ಮತ್ತು ಬರಿಸುವ ಇಂಜೆಕ್ಷನ್ ಕೂಡ ಬೇಡ. ಮಡಿಕೇರಿಯಲ್ಲಿ ನೋಡುವವರು ಸಿಗದಿದ್ದರೆ ಗಾಳಿಗೆ ಒಣಗಿಸಿದ ಸ್ಲೈಡನ್ನು ಡಬ್ಬಿಗೆ ಹಾಕಿ ಬೆಂಗಳೂರಿನ ಲ್ಯಾಬಿಗೆ ಕಳಿಸಬಹುದು. ಕತ್ತರಿಸಿ ತೆಗೆದ ತುಂಡು ಕೆಡದಂತೆ ಹಾಕಿಡುವ ಫಾರ್ಮಲಿನ್ ಬಾಟಲಿಯ ಜೊತೆ ಮಾತ್ರ ಒಂದೇ ಪೊಟ್ಟಣದಲ್ಲಿ ಇಡಬೇಡಿ, ಅದರ ಆವಿ ತಾಗಿದರೆ ಸ್ಲೈಡ್ ಸರಿಯಾಗಿ ಬಣ್ಣ ಹಿಡಿಯುವುದಿಲ್ಲ.